ಕ್ಲ್ಯಾರಿನೆಟ್ಟಿನ ನಡುವೆ ತುಪ್ಪದ ಜಗಳ

"ಅಜ್ಜಾರ, ಈ ವಯಸ್ಸಿನಾಗೂ ನಿಮಗ ಎಷ್ಟು ಛಲೋ ನೆನಪದ ನೋಡ್ರಿ!"

ರೇಡಿಯೊದಲ್ಲಿ, ಜಿಲ್ಲೆಗೆಲ್ಲ ಕೇಳುವಂತೆ, ಮಲ್ಲಿಕಾ ಹಾಗೆಂದಾಗ ಗಡಿಗೆಪ್ಪನಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ. ತಲೆತುಂಬ ಕರಿಗೂದಲಿತ್ತು, ಬಾಯಿತುಂಬ ಸ್ವಂತ ಹಲ್ಲಿದ್ದವು. ಅರಕೇರಾದ ಪಶು ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಅವನು ಒದೆಯುವ ಹೋರಿಯನ್ನೂ ಒಬ್ಬನೇ ಹಿಡಿದು ಸೂಜಿ ಚುಚ್ಚುತ್ತಿದ್ದ. ತಪ್ಪೆಲ್ಲ ಹೆಸರಿನದು. ತೀರಿಹೋದ ಅಜ್ಜನ ಹೆಸರನ್ನು ಅಪ್ಪ ಪ್ರೀತಿಯಿಂದ ಇಟ್ಟಿದ್ದ. ಸಾಲದ್ದಕ್ಕೆ ಆವತ್ತು ನೆಗಡಿಯಾಗಿ ದನಿ ಗೊರಗೊರ ಎನ್ನುತ್ತಿತ್ತು. "ಅರಕೇರಾದಿಂದ ಗಡಿಗೆಪ್ಪ ಮಾತಾಡಾಕತ್ತೀನ್ರಿ" ಎಂದು ಕೆಮ್ಮಿದ ಮೇಲೆ ಯಾರೇ ಆದರೂ ಕೋಲೂರಿದ ಮುದುಕನನ್ನೇ ಕಣ್ಣ ಮುಂದೆ ತಂದುಕೊಳ್ಳುತ್ತಿದ್ದರು.

ಅಲ್ಲ ಎನ್ನಲು ಬಾಯಿ ತೆರೆದ. ಆದರೆ ಆಕೆಯ "ಅಜ್ಜಾರ"ದಲ್ಲಿ ಎಂಥ ಅಕ್ಕರೆ ಇತ್ತೆಂದರೆ, ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

"ಏನೋ ಯವ್ವಾ, ದೇವರು ಕೊಟ್ಟಾನ" ಎಂದುಬಿಟ್ಟ. ಅಲ್ಲಿಗೆ ಕೆಟ್ಟಿತು.

ರಾಯಚೂರಿನ ಆ ಪುಟ್ಟ ಎಫ್ಎಂ ಕೇಂದ್ರದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಮಲ್ಲಿಕಾ 'ಹಿನ್ನೆಲೆ' ಎಂಬ ಕಾರ್ಯಕ್ರಮ ನಡೆಸುತ್ತಿದ್ದಳು. ಸಿನಿಮಾದ ಹಾಡುಗಳಲ್ಲ, ಹಾಡುಗಳ ನಡುವೆ ಯಾರೂ ಗಮನ ಕೊಡದೆ ಬಿಟ್ಟ ಸಂಗೀತ. ನಾಯಕಿ ಬಾವಿಗೆ ಬಗ್ಗಿ ನೋಡುವಾಗ ಬರುವ ಪಿಟೀಲು, ಖಳನಾಯಕನ ಜೀಪು ತಿರುಗುವಾಗಿನ ಡ್ರಮ್ಮು. ಇಂಥ ಹುಚ್ಚು ತನಗೊಬ್ಬನಿಗೇ ಎಂದುಕೊಂಡಿದ್ದ ಗಡಿಗೆಪ್ಪ ಮೊಬೈಲಿನಲ್ಲಿ ಮೊದಲ ಸಲ ಅದನ್ನು ಕೇಳಿದ ದಿನ, ಚಿಕಿತ್ಸೆಗೆ ಬಂದಿದ್ದ ಆಡಿನ ಕಾಲಿಗೆ ಕಟ್ಟಬೇಕಾದ ಪಟ್ಟಿಯನ್ನು ತನ್ನ ಹೆಬ್ಬೆರಳಿಗೇ ಸುತ್ತಿಕೊಂಡಿದ್ದ.

ಮಲ್ಲಿಕಾಳ ಮುಖ ಅವನು ನೋಡಿರಲಿಲ್ಲ. ದನಿಯಷ್ಟೇ ಗೊತ್ತು. ಮಾತು ಮುಗಿಯುವ ಮೊದಲೇ ಹಿಂದೆ ಒಂದು ನಗೆ ಬಂದು ನಿಂತು ತನ್ನ ಸರದಿಗೆ ಕಾಯುತ್ತಿರುವ ಹಾಗಿನ ದನಿ. ಆ ದನಿ ತನ್ನನ್ನು ಹುಡುಕಿ ಹುಡುಕಿ ಮಾತಾಡಿಸುತ್ತಿತ್ತು. ಆದರೆ ಅಜ್ಜ ಎಂದು.

ಒಂದು ಭಾನುವಾರ ಆಕೆ ಶೇಷಗಿರಿಯವರ ವಿಷಯ ತೆಗೆದಳು. ಮಾನ್ವಿ ಕಡೆಯವರು, ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಕೆಲವು ಸಿನಿಮಾಗಳಿಗೆ ಸಂಗೀತ ಕೊಟ್ಟವರು. ಅವರ 'ಗಿರಣಿ ಹಾಡು' ಬಾರಿಸದೆ ಇವತ್ತಿಗೂ ಈ ಕಡೆ ಮದುವೆ ಮೆರವಣಿಗೆ ಮುಂದೆ ಸರಿಯುವುದಿಲ್ಲ.

"ಆದ್ರ ಆ ಹಾಡಿನ ನಂತರ ಅವರು ಹೇಳಿಕೊಳ್ಳುವಂಥಾದ್ದೇನೂ ಮಾಡಲಿಲ್ಲ" ಎಂದಳು ಮಲ್ಲಿಕಾ.

ಗಡಿಗೆಪ್ಪ ಆಸ್ಪತ್ರೆಯ ಅಂಗಳದಿಂದಲೇ ಫೋನ್ ಹಚ್ಚಿದ. ದನಿಯನ್ನು ಅಜ್ಜನ ಮಟ್ಟಕ್ಕೆ ಇಳಿಸಿ, "ತಪ್ಪು ಹೇಳಾಕತ್ತಿ ಯವ್ವಾ" ಎಂದ. "'ಕೊನೆಯ ಗೇಟು' ಅಂತ ಒಂದು ಟೆಲಿಫಿಲಂ ಬಂದಿತ್ತು ಟೀವಿಯೊಳಗ. ಒಂದ ಸಲ ಬಂತು, ಮತ್ತ ಬರಲಿಲ್ಲ. ಅದರಾಗ ಹಾಡಿಲ್ಲ, ಬರೇ ಹಿನ್ನೆಲಿ ಸಂಗೀತ. ಕ್ಯಾಸೆಟ್ ಸೈತ ಹೊರಗ ಬರಲಿಲ್ಲ. ಕಾಲುವಿ ತುದಿ ಊರಿಗೆ ನೀರು ಬರೋ ಕಥಿ. ನೀರು ಬಂತು ಅಂದಕೂಡ್ಲೆ ಬ್ಯಾರೇದವರಾಗಿದ್ರ ಡೊಳ್ಳು ಬಾರಿಸಿ ಕಿವಿ ಹರೀತಿದ್ರು. ಈ ಮನಷ್ಯಾ ಎಲ್ಲಾ ನಿಲ್ಲಿಸಿಬಿಟ್ಟಾನ. ಗಪ್ ಚುಪ್! ಆಮ್ಯಾಲೆ ಒಂದ ಒಂದು ಕ್ಲ್ಯಾರಿನೆಟ್, ಓಡಿ ಬಂದು ದಮ್ಮು ಹತ್ತಿದವರಂಗ…"

"ಗುನುಗಿ ತೋರಸ್ರಿ ಅಜ್ಜಾರ."

ಗುನುಗಿದ. ಹಾಡುಗಾರಿಕೆ ಅವನ ವಂಶದಲ್ಲಿಲ್ಲ. ನಾಲ್ಕನೆಯ ಸ್ವರ ಎಲ್ಲಿಗೋ ಜಾರಿ ಬಿತ್ತು, ಅದೇ ಹೊತ್ತಿಗೆ ಕಟ್ಟಿಹಾಕಿದ್ದ ಎಮ್ಮೆಯೊಂದು ಉದ್ದಕ್ಕೆ ದನಿಗೂಡಿಸಿತು. ಮರುದಿನ ದೇವದುರ್ಗದ ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಜನ ಆ ಎಮ್ಮೆಯನ್ನೇ ಹೊಗಳುತ್ತಿದ್ದರು.

ಮಲ್ಲಿಕಾ ನಗು ತಡೆದು ಹೇಳಿದಳು: "ಅಜ್ಜಾರ, ಇಂಟರ್‌ನೆಟ್ಟಿನಾಗ ಎಲ್ಲೂ ಇಲ್ಲಲ್ರಿ ಇದು. ನಿಮ್ಮ ಕನಸಿನಾಗ ಬಂದಿದ್ದೋ ಏನೋ. ತಂದು ಕೇಳಸ್ರಿ. ಕೇಳಿಸಿದ್ರ ಇದ ಮೈಕಿನಾಗ ತಪ್ಪಾತು ಅಂತೀನಿ."

ಆವತ್ತು ಕಾರ್ಯಕ್ರಮ ಮುಗಿದ ಮೇಲೆ ಆಕೆಯೇ ಮತ್ತೆ ಫೋನ್ ಮಾಡಿದಳು. "ನಕ್ಕಿದ್ದಕ್ಕ ಬ್ಯಾಸರಾತೇನ್ರಿ ಅಜ್ಜಾರ?" ಎಂದಳು. ಇಲ್ಲ ಎಂದ ಮೇಲೂ ಫೋನ್ ಇಡಲಿಲ್ಲ. ಮಾತಿಗೆ ಮಾತು ಬೆಳೆದು, ತನ್ನ ನಿಶ್ಚಯವಾಗಿದ್ದ ಮದುವೆ ಮುರಿದ ಸಂಗತಿ ಹೇಳಿದಳು. ಗಂಡಿನವರು ಕಂಡಕಂಡವರ ಜೊತೆ ಫೋನಿನಲ್ಲಿ ನಗುವ ಕೆಲಸ ಬಿಡು ಎಂದಿದ್ದರಂತೆ. "ಕೆಲಸ ಬಿಡಬೌದಿತ್ರಿ. ನಗೋದು ಹೆಂಗ ಬಿಡ್ಲಿ? ಮನ್ಯಾಗ ಯಾರಿಗೂ ಹಿಂಗ ಹೇಳಿಲ್ಲ ನಾ. ನೀವು ಹಿರಿಯರು ಅಂತ ಹೇಳಿದೆ."

ಗಡಿಗೆಪ್ಪ ಫೋನನ್ನು ಕಿವಿಯಿಂದ ತುಸು ದೂರ ಹಿಡಿದ. ಇದು ತನಗೆ ಸೇರಬೇಕಾದ ಮಾತಲ್ಲ. ಇಲ್ಲದ ಮುದುಕನೊಬ್ಬನಿಗೆ ಬಂದದ್ದನ್ನು ತಾನು ತೆಗೆದುಕೊಂಡಂತಾಯಿತು. "ಛಲೋ ಮಾಡಿದಿ ಯವ್ವಾ" ಎಂದಷ್ಟೇ ಹೇಳಿ ಫೋನಿಟ್ಟ. ಈ ಮಾತು ಯಾವತ್ತೂ ನಾಲಗೆಗೆ ತರಬಾರದು ಎಂದುಕೊಂಡ.

ಇನ್ನು ಆ ಸಂಗೀತ. ಅದು ಕನಸಲ್ಲ. ಗಡಿಗೆಪ್ಪ ಎರಡನೆಯ ತರಗತಿಯಲ್ಲಿದ್ದಾಗ ಪೋತ್ನಾಳದಲ್ಲಿ ಅವನ ಚಿಗವ್ವ ಆದೆಮ್ಮನ ಕುಬಸವಾಗಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಹೆಂಗಸರೆಲ್ಲ ಗದ್ದಲದಲ್ಲಿದ್ದಾಗ ಹುಡುಗ ಪಡಸಾಲೆಯ ಟೀವಿಗೆ ಅಂಟಿ ಕೂತಿದ್ದ. ಆವತ್ತು ಬಂದದ್ದೇ 'ಕೊನೆಯ ಗೇಟು'. ಆ ಕ್ಲ್ಯಾರಿನೆಟ್ ಕೇಳಿ ತಾನೇಕೆ ಅತ್ತೆ ಎಂದು ಅವನಿಗೆ ಇಂದಿಗೂ ತಿಳಿದಿಲ್ಲ. ಹೋಳಿಗೆ ಕಡಿಮೆಯಾಯಿತೆಂದು ಅಳುತ್ತಾನೆ ಎಂದು ಯಾರೋ ಎರಡು ಹೋಳಿಗೆ ಕೊಟ್ಟಿದ್ದರು.

ಈಗ, ಇಷ್ಟು ವರ್ಷದ ಮೇಲೆ, ಹೊಳೆಯಿತು. ಕುಬಸಕ್ಕೆ ವಿಡಿಯೊ ತೆಗೆಸಿದ್ದರು! ಟೀವಿ ಪಡಸಾಲೆಯಲ್ಲೇ ಇತ್ತು!

ಪೋತ್ನಾಳಕ್ಕೆ ಹೋಗಿ ಕೇಳಿದರೆ ಆದೆಮ್ಮ ಮುಖ ತಿರುಗಿಸಿದಳು. "ಆ ಕ್ಯಾಸೆಟ್ ಕೊಡಂಗಿಲ್ಲ ನೋಡಪಾ. ಅದರಾಗ ನಾನೂ ನನ್ನ ನೆಗೆಣ್ಣಿನೂ ತುಪ್ಪದ ಸಲುವಾಗಿ ಜಗಳಾಡೀವಿ. ಈಗ ನಾವಿಬ್ಬರೂ ಒಂದ ತಾಟಿನಾಗ ಉಣ್ಣಾಕತ್ತೀವಿ. ಹಳೇದು ಯಾಕ ಕೆದರ್ತಿ?"

"ಜಗಳ ನಾ ಕೇಳಂಗಿಲ್ಲ ಚಿಗವ್ವಾ. ಹಿಂದಿನ ಟೀವಿ ಸಪ್ಪಳ ಕೇಳ್ತೀನಿ."

"ಎಮ್ಮಿ ಡಾಕ್ಟರ್ ಆಗಿ ನಿನ್ನ ತಲಿ ಕೆಟ್ಟದ" ಎಂದಳು ಆದೆಮ್ಮ. ಆದರೂ, ತನ್ನ ಅಪ್ಪಣೆಯಿಲ್ಲದೆ ಊರ ಮುಂದೆ ಹಚ್ಚಬಾರದು ಎಂದು ಆಣೆ ಹಾಕಿಸಿಕೊಂಡು, ಟ್ರಂಕಿನ ತಳದಿಂದ ಕ್ಯಾಸೆಟ್ ತೆಗೆದುಕೊಟ್ಟಳು.

ರಾಯಚೂರಿನ ತೀನ್ ಕಂದೀಲ್ ಹತ್ತಿರ ಇನಾಯತ್ ಎಂಬವನ ವಿಡಿಯೊ ಅಂಗಡಿಯಿತ್ತು. ಅವನು ಕ್ಯಾಸೆಟ್ಟಿನ ಬೂಷ್ಟು ಒರೆಸಿ, ಕಂಪ್ಯೂಟರಿಗೆ ಏರಿಸಿ, ಪೆನ್ ಡ್ರೈವಿನಲ್ಲಿ ಹಾಕಿಕೊಟ್ಟ. "ಡಾಕ್ಟರ್ ಸಾಬ್, ತುಪ್ಪ ಯಾರು ಕದ್ದಾರ ಅಂತ ನನಗ ಗೊತ್ತಾತು. ಹೇಳ್ಲೇನು?" ಎಂದು ಕೇಳಿದ. ಗಡಿಗೆಪ್ಪ ಬೇಡವೆಂದು ಸೀದಾ ರೇಡಿಯೊ ಕೇಂದ್ರಕ್ಕೆ ಬೈಕ್ ತಿರುಗಿಸಿದ. ನಿಜ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡ. "ಅಜ್ಜ ಅಂದ್ರ ನಾನರೀ." ಇಷ್ಟೇ. ಕಷ್ಟದ್ದೇನಿದೆ?

ಅರಕೇರಾದ ಗಡಿಗೆಪ್ಪನವರು ಬಂದಿದ್ದಾರೆ ಎಂಬ ಸುದ್ದಿ ಒಳಗೆ ಹೋಗಿತ್ತು. ಮಲ್ಲಿಕಾ ಹೊರಬಂದಳು. ಒಂದು ಕೈಯಲ್ಲಿ ಕೈಯಿರುವ ಕುರ್ಚಿ, ಇನ್ನೊಂದರಲ್ಲಿ ಬಿಸಿನೀರಿನ ಲೋಟ. ಎಣ್ಣೆಗಪ್ಪು ಮೈಬಣ್ಣ, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ನು, ನಗಲು ಕಾದಿರುವ ತುಟಿ. ದನಿಗೆ ತಕ್ಕ ಮುಖ. ಆ ಮುಖ ಗಡಿಗೆಪ್ಪನನ್ನು ದಾಟಿ ಅವನ ಬೆನ್ನ ಹಿಂದೆ ಯಾರನ್ನೋ ಹುಡುಕಿತು.

"ಅಜ್ಜಾರು ಎಲ್ರೀ? ಕೆಳಗ ಕುಂತಾರೇನು? ಮೆಟ್ಟಲ ಹತ್ತಾಕ ಆಗಲಿಲ್ಲೇನು? ನೀವು ಅವರ ಮೊಮ್ಮಗನೇನ್ರಿ?"

ಗಡಿಗೆಪ್ಪ ಒಮ್ಮೆ ಮೆಟ್ಟಿಲ ಕಡೆ ನೋಡಿದ. ಕುರ್ಚಿ ನೋಡಿದ. ಬಿಸಿನೀರು ನೋಡಿದ. ಆ ಕಣ್ಣು ನೋಡಿದ.

"ಹೌದ್ರಿ" ಎಂದ. "ಮೊಮ್ಮಗ."

"ಹೆಸರು?"

"ಗಡಿಗೆಪ್ಪನರೀ. ಅಜ್ಜನ ಹೆಸರ ಇಟ್ಟಾರ." ಅದಂತೂ ನಿಜವೇ ಆಗಿತ್ತು.

"ಹಂಗಾದ್ರ ನಿಮಗ ಜೂನಿಯರ್ ಅಂತೀನಿ. ಬರ್ರಿ ಜೂನಿಯರ್" ಎಂದು ಆ ಬಿಸಿನೀರನ್ನು ಅವನಿಗೇ ಕೊಟ್ಟಳು.

ಒಳಗಿನ ಸಣ್ಣ ಕೋಣೆಯಲ್ಲಿ ಇಬ್ಬರೂ ಒಂದೊಂದು ಹೆಡ್‌ಫೋನ್ ಹಾಕಿಕೊಂಡು ಕೂತರು. ಮೊದಲು ಬಳೆಯ ಸದ್ದು, ಹೆಂಗಸರ ನಗೆ. ಆಮೇಲೆ ಆದೆಮ್ಮನ ಎಳೆಯ ದನಿ: "ನನ್ನ ತವರಿನ ತುಪ್ಪ ಎಲ್ಲಿ ಹೋತು?" ಅದಕ್ಕೆ ಅವಳ ಓರಗಿತ್ತಿಯ ಉತ್ತರ: "ನಿನ್ನ ತುಪ್ಪ ನಾನೇನು ತಲಿಗೆ ಹಚ್ಚಿಕೊಂಡೀನೇನು?" ಅದರ ಹಿಂದೆ, ಗೋಡೆಯಾಚೆ ಯಾರೋ ಅಳುತ್ತಿರುವ ಹಾಗೆ, ಸಣ್ಣಗೆ, ಕ್ಲ್ಯಾರಿನೆಟ್.

ಮಲ್ಲಿಕಾಳ ನಗು ನಡುದಾರಿಯಲ್ಲಿ ನಿಂತಿತು. ಕಣ್ಣು ಅಗಲವಾದವು. ಮತ್ತೊಮ್ಮೆ ಹಚ್ಚಿದಳು. ಇನ್ನೊಮ್ಮೆ. ಗಡಿಗೆಪ್ಪ ತನಗೇ ಗೊತ್ತಿಲ್ಲದೆ ಮೆಲ್ಲಗೆ ಗುನುಗತೊಡಗಿದ. ಆಕೆ ಥಟ್ಟನೆ ತಿರುಗಿ ಅವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಅವನು ಕೆಂಪಾದ.

"ಏನಾತ್ರಿ?"

"ಏನಿಲ್ಲ" ಎಂದು ಹೆಡ್‌ಫೋನ್ ಸರಿಮಾಡಿಕೊಂಡಳು. "ಇದು ಬಂಗಾರದಂಥ ಸಂಗೀತ, ಜೂನಿಯರ್. ಇದನ್ನ ಜಗಳದಿಂದ ಬಿಡಿಸಬೇಕು."

ಹಾಗೆ ಆ ಕೆಲಸ ಶುರುವಾಯಿತು. ಬಿಡುವಾದಾಗಲೆಲ್ಲ ಗಡಿಗೆಪ್ಪ ಅರಕೇರಾದಿಂದ ರಾಯಚೂರಿಗೆ ಬರುವುದು, ಇಬ್ಬರೂ ಕಂಪ್ಯೂಟರಿನ ಮುಂದೆ ಕೂತು ಬಳೆ ಸದ್ದು ಅಳಿಸುವುದು, ಮಗುವಿನ ಅಳು ತಗ್ಗಿಸುವುದು. ಪರದೆಯ ಮೇಲೆ ದನಿಯ ಗೆರೆಗಳು ಗುಡ್ಡಬೆಟ್ಟದಂತೆ ಏಳುತ್ತಿದ್ದವು. ಕ್ಲ್ಯಾರಿನೆಟ್ ಮಾತ್ರ ಅವುಗಳ ಬುಡದಲ್ಲಿ ಇರುವೆಯ ಸಾಲು. ಇರುವೆಗೆ ಪೆಟ್ಟಾಗದಂತೆ ಬೆಟ್ಟ ಸರಿಸಬೇಕು. ಮೌಸಿನ ಮೇಲೆ ಒಮ್ಮೆ ಆಕೆಯ ಕೈ, ಒಮ್ಮೆ ಅವನ ಕೈ. ಬದಲಾಯಿಸಿಕೊಳ್ಳುವಾಗ ಬೆರಳು ತಾಕಿದರೆ ಇಬ್ಬರೂ ಪರದೆಯನ್ನೇ ನೋಡುತ್ತ, "ಇಲ್ಲಿ ಸ್ವಲ್ಪ ಗರಗರ ಅದ ಅಲ್ರೀ?" "ಹೌದ್ರಿ, ಗರಗರ ಅದ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಮಲ್ಲಿಕಾ ಅವನ ತೋಳು ಹಿಡಿದು ಅಲುಗಾಡಿಸಿದಳು. "ಜೂನಿಯರ್! ಇದನ್ನ ಜೋರ ಮಾಡಿ ಕೇಳ್ರಿ" ಎಂದು ಕ್ಲ್ಯಾರಿನೆಟ್ಟಿನ ವೇಗವನ್ನು ಮೂರು ಪಟ್ಟು ಹೆಚ್ಚಿಸಿದಳು. ಬಂದದ್ದು ಗಿರಣಿ ಹಾಡು! ಮೆರವಣಿಗೆಯಲ್ಲಿ ಕುಡಿದವರೆಲ್ಲ ಕುಣಿಯುವ ಅದೇ ಗಿರಣಿ ಹಾಡನ್ನು ಆ ಮಹಾನುಭಾವ ನಿಧಾನ ಮಾಡಿ, ಅಳುವಂತೆ ಮಾಡಿ, ಕಾಲುವೆಯ ನೀರಿಗೆ ಕೊಟ್ಟಿದ್ದ. ಇಷ್ಟು ವರ್ಷ ಆ ಸಂಗೀತವನ್ನು ಎದೆಯಲ್ಲಿಟ್ಟುಕೊಂಡಿದ್ದರೂ ಗಡಿಗೆಪ್ಪನಿಗೆ ಅದು ಹೊಳೆದಿರಲಿಲ್ಲ. ಅವನು ಆಕೆಯ ಕಿವಿಯನ್ನೇ ನೋಡಿದ. ಪೆನ್ನು ಸಿಕ್ಕಿಸಿದ ಆ ಸಣ್ಣ ಕಿವಿ. ಈ ಕಿವಿಯ ಪಕ್ಕದಲ್ಲೇ ಮುದುಕನಾಗಬೇಕು ಅನ್ನಿಸಿತು. ಅನ್ನಿಸಿದ ಕೂಡಲೇ, ಆಕೆಯ ಲೆಕ್ಕದಲ್ಲಿ ತಾನು ಆಗಲೇ ಮುದುಕನಲ್ಲವೇ ಎಂದು ನೆನಪಾಗಿ ಬೆವೆತ.

ಏಕೆಂದರೆ ಫೋನಿನ ಅಜ್ಜ ಇನ್ನೂ ಬದುಕಿದ್ದ. ಭಾನುವಾರ ಅಜ್ಜ ಫೋನ್ ಮಾಡದಿದ್ದರೆ ಮಲ್ಲಿಕಾ ಕಳವಳಪಡುತ್ತಿದ್ದಳು, ಹಾಗಾಗಿ ಮಾಡಲೇಬೇಕು. ಅದರ ಮೇಲೆ ಆಕೆ ಅಜ್ಜನಿಗೆಂದು ಮೊಮ್ಮಗನ ಕೈಯಲ್ಲಿ ಏನಾದರೊಂದು ಕಳಿಸತೊಡಗಿದಳು. ಮೊದಲು ಹಲ್ಲಿಲ್ಲದವರೂ ತಿನ್ನಬಹುದಾದ ಮೆತ್ತನೆಯ ಗೋಧಿ ಹುಗ್ಗಿ. ಅದು ಸರಿಯೇ, ಅರಕೇರಾ ತಲುಪುವ ಮೊದಲೇ ಖಾಲಿಯಾಯಿತು. ಆಮೇಲೆ ಮೊಣಕಾಲಿಗೆ ಹಚ್ಚುವ ಎಣ್ಣೆ. ಆಮೇಲೆ ರಬ್ಬರ್ ತುದಿಯ ಊರುಗೋಲು. ಬೈಕಿಗೆ ಅದನ್ನು ಕಟ್ಟಿಕೊಂಡು ದೇವದುರ್ಗ ದಾಟುವಾಗ ಕಂಡವರೆಲ್ಲ ಡಾಕ್ಟರಿಗೆ ಏನಾಯಿತೆಂದು ವಿಚಾರಿಸಿದರು. ಕೊನೆಗೆ ಹೊಟ್ಟೆ ಸಾಫ್ ಆಗುವ ಪುಡಿ.

"ಅಜ್ಜಾರಿಗೆ ಬೆಳಿಗ್ಗೆ ಎದ್ದಕೂಡ್ಲೆ ಎರಡು ಚಮಚ ಕೊಡ್ರಿ. ಭಾನುವಾರ ನಾ ಕೇಳ್ತೀನಿ, ಗುಣ ಆತೋ ಇಲ್ಲೋ ಅಂತ" ಎಂದು ಮುಖ ಗಂಭೀರ ಮಾಡಿ ಹೇಳಿದಳು. ಪ್ರಾಮಾಣಿಕ ಉತ್ತರ ಕೊಡಬೇಕೆಂದು ಗಡಿಗೆಪ್ಪ ಎರಡು ಚಮಚ ತಿಂದ. ಆವತ್ತು ಅರಕೇರಾದ ದನಗಳನ್ನು ಕಂಪೌಂಡರ್ ಒಬ್ಬನೇ ನೋಡಿಕೊಂಡ.

ಸಂಗೀತ ಒಂದು ಹದಕ್ಕೆ ಬಂದಾಗ ಮಲ್ಲಿಕಾ ಹೇಳಿದಳು: "ಇದನ್ನ ಮಾಡಿದವರಿಗೇ ಮೊದಲು ಕೇಳಸಬೇಕು."

ಶೇಷಗಿರಿಯವರು ರಾಯಚೂರಿನಲ್ಲೇ, ಕೋಟೆಯ ಬಳಿಯ ಹಳೆಯ ಓಣಿಯಲ್ಲಿ ಹೆಂಡತಿ ಅಹಲ್ಯಾಬಾಯಿಯವರ ಜೊತೆ ಇದ್ದರು. ಬಾಗಿಲು ತೆರೆದವರೇ, "ಗಿರಣಿ ಹಾಡಿನ ಬಗ್ಗೆ ಕೇಳ್ಲಿಕ್ಕೆ ಬಂದಿದ್ರ ನಾ ಮನ್ಯಾಗಿಲ್ಲ" ಎಂದರು.

"ಇಲ್ಲ ಸರ್, 'ಕೊನೆಯ ಗೇಟು'" ಎಂದಳು ಮಲ್ಲಿಕಾ.

ಮುದುಕರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅದು ಟೀವಿಯಲ್ಲಿ ಬಂದ ದಿನ ಅವರ ಓಣಿಯಲ್ಲಿ ಕರೆಂಟು ಹೋಗಿತ್ತು. ಮತ್ತೆ ಹಾಕುತ್ತಾರೆಂದು ಕಾದರು, ಹಾಕಲಿಲ್ಲ. ಧ್ವನಿಮುದ್ರಣದ ಟೇಪು ಬೇಕೆಂದು ಕೇಳಿದರೆ ಅದರ ಮೇಲೆ ಬೇರೇನೋ ತುಂಬಿದ್ದೇವೆ ಎಂದರಂತೆ ನಿರ್ಮಾಪಕರು.

ಅವರು ಕಣ್ಣು ಮುಚ್ಚಿ ಕೇಳಿದರು. ಎಷ್ಟು ಅಳಿಸಿದರೂ ನೀರು ಬರುವ ಜಾಗದಲ್ಲಿ ಆದೆಮ್ಮನ ದನಿ ಪೂರ್ತಿ ಹೋಗಿರಲಿಲ್ಲ. ಎಲ್ಲ ನಿಂತು ಮೌನವಾದಾಗ, "ತುಪ್ಪ ಎಲ್ಲಿ ಹೋತು?" ಎಂದು ಕೇಳಿಸಿತು. ಅದರ ಬೆನ್ನಿಗೇ ಕ್ಲ್ಯಾರಿನೆಟ್ ಎದ್ದಿತು. ಮುಗಿದ ಮೇಲೂ ಮುದುಕರು ಕಣ್ಣು ತೆರೆಯಲಿಲ್ಲ.

"ಆ ಮೌನ ಇಟ್ಟೀರಲ್ಲ ಸರ್" ಎಂದ ಗಡಿಗೆಪ್ಪ ತಡೆಯಲಾರದೆ. "ಅಲ್ಲೆ ಡೊಳ್ಳು ಇಡದ ಸುಮ್ಮನ ಬಿಟ್ಟಿದ್ದಕ್ಕ ಎಷ್ಟು ಧೈರ್ಯ ಬೇಕರೀ."

"ಧೈರ್ಯ ಎಲ್ಲಿದು?" ಎಂದರು ಶೇಷಗಿರಿ. "ಡೊಳ್ಳಿನವ ಬರಲೇ ಇಲ್ಲ. ಬಸ್ ತಪ್ಪಿತ್ತು ಅವಂಗ." ಮತ್ತೆ ಮುಂದುವರಿಸಿದರು: "ಆದ್ರ ಅವನಿಲ್ಲದ ಒಂದ್ಸಲ ಬಾರಿಸಿ ಕೇಳಿದ ಮ್ಯಾಲೆ, ಮರುದಿನ ಬಾ ಅಂತ ನಾ ಅವಂಗ ಹೇಳಿಕಳಿಸಲಿಲ್ಲ. ಕ್ಲ್ಯಾರಿನೆಟ್ ನಮ್ಮ ಊರಿನ ಬ್ಯಾಂಡಿನ ಅಲ್ಲಾಬಕ್ಷ್ ಬಾರಿಸಿದ್ದು. ಗಿರಣಿ ಹಾಡು ಬಾರಿಸಿ ಬಾರಿಸಿ ನಂಗೂ ಅವಂಗೂ ಇಬ್ಬರಿಗೂ ಸಾಕಾಗಿತ್ತು. ಅದನ್ನ ಮೆತ್ತಗ ನುಡಿಸಿ ನೋಡು ಅಂದೆ. ನುಡಿಸ್ತಾ ನುಡಿಸ್ತಾ ಅತ್ತ. ಈಗಿಲ್ಲ ಪಾಪ."

"ಗೊತ್ತಾತು ಸರ್, ಗಿರಣಿ ಹಾಡು ಅಂತ" ಎಂದಳು ಮಲ್ಲಿಕಾ ಮೆಲ್ಲಗೆ.

"ಗೊತ್ತಾತೇನು ನಿಂಗ?" ಮುದುಕರ ಕಣ್ಣಲ್ಲಿ ನೀರು ನಿಂತಿತು. "ಒಬ್ಬರಿಗೂ ಗೊತ್ತಾಗಿದ್ದಿಲ್ಲ. ನಮ್ಮ ಮನಿಯಾಕಿಗೂ."

"ನೀವು ಹೇಳಿದ್ರ ತಾನ ಗೊತ್ತಾಗೋದು?" ಎಂದರು ಅಹಲ್ಯಾಬಾಯಿ ಅಡುಗೆಮನೆಯಿಂದ, ಮೂಗು ಏರಿಸಿಕೊಳ್ಳುತ್ತ.

ಶೇಷಗಿರಿ ಗಡಿಗೆಪ್ಪನ ಕಡೆ ತಿರುಗಿದರು. "ನೀವು ಎಲ್ಲಿ ಕೇಳಿದ್ರಿ ಇದನ್ನ? ಹೆಂಗ ನೆನಪದ ನಿಮಗ? ಗುನುಗ್ರಿ ನೋಡೋಣ." ಗಡಿಗೆಪ್ಪ ಮೈಮರೆತು ಗುನುಗಿದ. ನಾಲ್ಕನೆಯ ಸ್ವರ ಎಂದಿನಂತೆ ಜಾರಿ ಬಿತ್ತು. ಮುದುಕರು ತೊಡೆ ತಟ್ಟಿದರು.

"ಆss! ನೀವ ಅಲ್ಲೇನ್ರಿ ಭಾನುವಾರದ ಅರಕೇರಾ ಗಡಿಗೆಪ್ಪ? ನಾ ತಪ್ಪದ ಕೇಳ್ತೀನಿ. ಆ ಎಮ್ಮಿ ಶ್ರುತಿಯೊಳಗಿತ್ತು, ನೀವು ಇರಲಿಲ್ಲ. ಮುದುಕರು ಅನ್ಕೊಂಡಿದ್ದೆ, ಹುಡುಗ ಇದ್ದೀರಲ್ಲ!"

ಗಡಿಗೆಪ್ಪನಿಗೆ ನೆಲ ಬಾಯ್ತೆರೆದರೆ ಸಾಕಾಗಿತ್ತು. ಕತ್ತು ತಿರುಗಿಸುವ ಧೈರ್ಯವಿಲ್ಲದೆ ಗೋಡೆಯ ಕಡೆ ನೋಡುತ್ತ, "ಮಲ್ಲಿಕಾ ಅವರ…" ಎಂದ.

"ಗೊತ್ತದ" ಎಂದಳು ಮಲ್ಲಿಕಾ.

"ಯಾವಾಗಿಂದ?"

"ಮೊದಲನೇ ದಿನ. ಹೆಡ್‌ಫೋನ್ ಹಾಕ್ಕೊಂಡು ಗುನುಗಿದ್ರಲ್ಲ, ಆವಾಗ. ಅಜ್ಜನ ಹೆಸರು ಮೊಮ್ಮಗಗ ಬರ್ತದರೀ. ಅಜ್ಜನ ಅಪಸ್ವರ ಇದ್ದದ್ದು ಇದ್ದಂಗ ಬರಂಗಿಲ್ಲ."

"ಮತ್ತ ಆ ಪುಡಿ?"

"ಬೇಕಂತ ಕೊಟ್ಟೆ."

"ನಾ ತಿಂದೆ ಅದನ್ನ!"

ಶೇಷಗಿರಿಯವರು ನಕ್ಕು ನಕ್ಕು ಕೆಮ್ಮಿದರು. ಅಹಲ್ಯಾಬಾಯಿ ನೀರು ತಂದರು. ಗಡಿಗೆಪ್ಪ ನಮಸ್ಕಾರ ಮಾಡಿ ಹೊರಬಿದ್ದ. ಕೋಟೆ ಗೋಡೆಯ ನೆರಳಲ್ಲಿ ನಿಲ್ಲಿಸಿದ್ದ ಬೈಕಿಗೆ ಕೀಲಿ ಹಾಕಿದ. ಮಲ್ಲಿಕಾ ಬೆನ್ನಿಗೇ ಬಂದಳು. ಈಗ ಆಕೆಯ ಮುಖದಲ್ಲಿ ನಗುವಿರಲಿಲ್ಲ.

"ಯಾಕ ಸುಳ್ಳು ಹೇಳಿದ್ರಿ?"

"ಅಜ್ಜ ಅಂದ್ರ ನೀವು ಮನಸು ಬಿಚ್ಚಿ ಮಾತಾಡ್ತಿದ್ರಿ. ನನ್ನಂಥಾವ ಫೋನ್ ಮಾಡಿದ್ರ 'ಧನ್ಯವಾದ, ಮುಂದಿನ ಕರೆ' ಅಂತಿದ್ರಿ. ತಪ್ಪಾತು. ಭಾಳ ತಪ್ಪಾತು."

"ನಿಮ್ಮ ಬಗ್ಗೆ ಗೊತ್ತಾದಾಗ ನನಗ ಮೊದಲು ಬಂದಿದ್ದು ಸಿಟ್ಟು" ಎಂದಳು ಆಕೆ. "ಹಿರಿಯರು ಅಂತ ನಂಬಿ ನನ್ನ ಮದುವಿ ಮುರದಿದ್ದು ಹೇಳಿದ್ದೆ ನಾ. ಅದನ್ನ ಜೂನಿಯರ್ ಬಾಯಿಂದ ಒಂದ್ಸಲ ಕೇಳಿದ್ರೂ ಹೊರಗ ಹಾಕಬೇಕು ಅಂತ ಕಾದೆ. ನಿಮ್ಮನ್ನ ಕೆಣಕಿದೆ, ಮದುವಿ ಮಾತು ತಗದೆ, ಏನೇನೋ ಮಾಡಿದೆ. ನೀವು ಬಾಯಿ ಬಿಡಲಿಲ್ಲ. ನನಗ ಗೊತ್ತದ ಅನ್ನೋ ನೋಟ ಸೈತ ನೋಡಲಿಲ್ಲ."

"ಅದು ನಾ ಕೇಳಬಾರದ ಮಾತಾಗಿತ್ತರೀ."

ಮಲ್ಲಿಕಾ ಬೈಕಿನ ಕನ್ನಡಿಯ ಧೂಳನ್ನು ಬೆರಳಿಂದ ಒರೆಸಿದಳು. ಕನ್ನಡಿಯಲ್ಲೇ ಅವನನ್ನು ನೋಡುತ್ತ, "ಭಾನುವಾರ ಸ್ಟುಡಿಯೊಕ್ಕ ಬರ್ರಿ, ನಿಮ್ಮ ಸ್ವಂತ ವಯಸ್ಸಿನಾಗ. ಸಂಗೀತ ಹಚ್ಚಿದಾಗ ಮೈಕ್ ಬಂದ್ ಇರ್ತದ. ಏನರ ಹೇಳೋದಿದ್ರ ಆವಾಗ ಹೇಳ್ರಿ" ಎಂದಳು.

ಅವನು ಪೋತ್ನಾಳಕ್ಕೆ ಹೋಗಿ ಆದೆಮ್ಮನಿಗೆ ಸಂಗೀತ ಕೇಳಿಸಿ ಅಪ್ಪಣೆ ಬೇಡಿದ. ಆದೆಮ್ಮ ನೆಗೆಣ್ಣಿಯನ್ನೂ ಕರೆಸಿ ಕೇಳಿಸಿದಳು. ಇಬ್ಬರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ನಮ್ಮ ಜ್ವಾಳದ ಹಿಟ್ಟಿನಂಥ ಜಗಳಕ್ಕ ಇಂಥಾ ಸಂಗೀತ ಇತ್ತೇನೋ ಮಗನ! ಹಚ್ಚು, ಹಚ್ಚು. ಇದ್ದದ್ದು ಇದ್ದಂಗ ಹಚ್ಚು" ಎಂದಳು ಆದೆಮ್ಮ.

ಭಾನುವಾರ ಬಂತು. ಶೇಷಗಿರಿ ದಂಪತಿ ಸ್ಟುಡಿಯೊದ ಹೊರಕೋಣೆಯಲ್ಲಿ ಕೂತಿದ್ದರು. ಗಡಿಗೆಪ್ಪ ಇಸ್ತ್ರಿಯ ಅಂಗಿ ತೊಟ್ಟು, ಹೇಳಬೇಕಾದ ನಾಲ್ಕು ಮಾತನ್ನು ಬಾಯಿಪಾಠ ಮಾಡಿ ಬಂದಿದ್ದ. ಮಲ್ಲಿಕಾ ಮೈಕಿನಲ್ಲಿ ತನ್ನ ತಪ್ಪೊಪ್ಪಿಕೊಂಡು, ಸಂಗೀತ ಹಚ್ಚಿ, ಮೈಕ್ ಬಂದ್ ಮಾಡಿ, ಕುರ್ಚಿ ತಿರುಗಿಸಿ ಅವನ ಎದುರು ಕೂತಳು. ಹೇಳ್ರಿ ಎಂಬಂತೆ ಹುಬ್ಬು ಏರಿಸಿದಳು.

ಗಡಿಗೆಪ್ಪ ಬಾಯಿ ತೆರೆದ. ಅಷ್ಟರಲ್ಲಿ ದೂರದಲ್ಲಿ ಹಾರ್ಮೋನಿಯಂ ಎದ್ದಿತು, ಒಣಗಿದ ಕಾಲುವೆಯ ಮೇಲೆ ಗಾಳಿ ಬೀಸಿದಂತೆ. ಬಾಯಿ ತೆರೆದದ್ದು ಹಾಗೇ ಉಳಿಯಿತು. ಪಿಟೀಲು ಸೇರಿಕೊಂಡಿತು. ಅವನು ಕಣ್ಣು ಮುಚ್ಚಿದ. ಎಲ್ಲ ನಿಂತಿತು, ತುಪ್ಪ ಹೋಯಿತು, ಕ್ಲ್ಯಾರಿನೆಟ್ ದಮ್ಮು ಹತ್ತಿ ಬಂದು ನೀರು ತಂದಿತು. ಕಣ್ಣು ತೆರೆದಾಗ ಕೆಂಪು ದೀಪ ಹತ್ತಿತ್ತು. ಮಲ್ಲಿಕಾ ಕೇಳುಗರ ಜೊತೆ ಮಾತಾಡುತ್ತಿದ್ದಳು. ಅವನ ನಾಲ್ಕು ಮಾತು ಅವನಲ್ಲೇ ಉಳಿದಿದ್ದವು.

ಫೋನಿನ ಮೇಲೆ ಫೋನು ಬಂತು. ಮೊದಲನೆಯವನು ಗಿರಣಿ ಹಾಡು ಹಾಕಿ ಎಂದ. ಎರಡನೆಯವರು, ಹಿರೇಕೊಟ್ನೆಕಲ್ಲಿನಿಂದ ಒಬ್ಬಾಕೆ, ಸ್ವಲ್ಪ ಹೊತ್ತು ಅತ್ತು ಫೋನಿಟ್ಟರು. ಶೇಷಗಿರಿಯವರು ಗಾಜಿನಾಚೆ ಹೆಂಡತಿಯ ಕೈ ಹಿಡಿದುಕೊಂಡು ಕೂತಿದ್ದರು.

ಕಾರ್ಯಕ್ರಮ ಮುಗಿದ ಮೇಲೆ, "ಕ್ಯಾಸೆಟ್ ತಿರುಗಿ ಕೊಡಾಕ ಪೋತ್ನಾಳಕ್ಕ ಹೊಂಟೀನಿ" ಎಂದ ಗಡಿಗೆಪ್ಪ, ಸೋತ ಮುಖದಲ್ಲಿ.

"ನಾನೂ ಬರ್ತೀನಿ. ಆ ತುಪ್ಪದ ಚಿಗವ್ವಾರನ್ನ ನೋಡಬೇಕು" ಎಂದು ಮಲ್ಲಿಕಾ ಬೈಕಿನ ಹಿಂದೆ ಕೂತಳು. ಮಾನ್ವಿ ದಾಟುವ ತನಕ ಇಬ್ಬರೂ ಹವಾಮಾನ, ಭತ್ತದ ಗದ್ದೆ, ರಸ್ತೆಯ ತಗ್ಗು ಇವುಗಳ ಬಗ್ಗೆ ಬಹಳ ತಿಳಿದವರಂತೆ ಮಾತಾಡಿದರು.

ಪೋತ್ನಾಳದಲ್ಲಿ ಆದೆಮ್ಮ ಬಾಗಿಲಲ್ಲೇ ಕೂಗಿದಳು. "ದೇವರು ಕಳಿಸಿದಂಗ ಬಂದಿ ನೋಡು! ಎಮ್ಮಿ ಈಯಾಕ ತ್ರಾಸ ಮಾಡಾಕತ್ತದ. ಕರುವಿನ ಒಂದ ಕಾಲು ಕಾಣಾಕತ್ತದ, ಇನ್ನೊಂದು ಇಲ್ಲ."

ಇಸ್ತ್ರಿಯ ಅಂಗಿ ಗೂಟಕ್ಕೆ ಹೋಯಿತು. ಗಡಿಗೆಪ್ಪ ಭುಜದ ತನಕ ಸೋಪು ಹಚ್ಚಿಕೊಂಡು, ಮಲಗಿದ್ದ ಎಮ್ಮೆಯ ಹಿಂದೆ ಮೊಣಕಾಲೂರಿದ. ಎಡಗೈಯಲ್ಲಿ ಕಂಡಿದ್ದ ಕಾಲನ್ನು ಹಿಡಿದು, ಬಲಗೈಯನ್ನು ಒಳಗೆ ಹಾಕಿ, ಮಡಿಸಿಕೊಂಡಿದ್ದ ಇನ್ನೊಂದು ಕಾಲನ್ನು ಹುಡುಕತೊಡಗಿದ. ಆದೆಮ್ಮ ಬಾಲ ಹಿಡಿದಳು. ಮಲ್ಲಿಕಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಮ್ಮೆಯ ಕುತ್ತಿಗೆ ಸವರುತ್ತ ಕೂತಳು. ಸ್ಟುಡಿಯೊದಲ್ಲಿ ತಡವರಿಸಿದ್ದ ಮನುಷ್ಯ ಇವನಲ್ಲ. ಮುಖ ಶಾಂತವಾಗಿತ್ತು, ಕೈ ಅವಸರ ಮಾಡುತ್ತಿರಲಿಲ್ಲ, ಬಾಯಿ ಮೆಲ್ಲಗೆ ಎಮ್ಮೆಗೆ ಸಮಾಧಾನ ಹೇಳುತ್ತಿತ್ತು.

"ಈಗ ಹೇಳ್ರಿ" ಎಂದಳು ಮಲ್ಲಿಕಾ.

"ಏನು?"

"ಸ್ಟುಡಿಯೊದಾಗ ಹೇಳಬೇಕಂತ ಬಂದಿದ್ರಲ್ಲ, ಅದು."

"ಈಗೇನ್ರೀ? ಹಿಂಗಿದ್ದಾಗ?"

"ಹೌದು, ಈಗ. ಎರಡೂ ಕೈ ಕೆಲಸದಾಗ ಅದಾವ. ಓಡಿಹೋಗಾಕ ಆಗಂಗಿಲ್ಲ ನಿಮಗ."

ಗಡಿಗೆಪ್ಪ ಎಮ್ಮೆಯ ಬೆನ್ನಿನಾಚೆ ತಲೆಯೆತ್ತಿದ. ಹಣೆಯಿಂದ ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಯಿಲ್ಲ. ಬಾಯಿಪಾಠ ಮಾಡಿದ ನಾಲ್ಕು ಮಾತಿನಲ್ಲಿ ಒಂದೂ ನೆನಪಾಗಲಿಲ್ಲ.

"ನಿಮ್ಮ ದನಿ ಕೇಳದಿದ್ರ ನನಗ ಭಾನುವಾರ ಆಗಂಗಿಲ್ಲ. ಈಗೀಗ ಸೋಮವಾರಾನೂ ಆಗವಲ್ದು. ನೀವು ಕೆಲಸಾನೂ ಬಿಡಬ್ಯಾಡ್ರಿ, ನಗೋದೂ ಬಿಡಬ್ಯಾಡ್ರಿ. ಯಾರ ಜೋಡಿ ಬೇಕಾದ್ರೂ ನಗ್ರಿ. ನಾನು ನಿಮ್ಮ ಜೋಡಿ ಇರ್ಬೇಕು, ಅಷ್ಟ."

ಮಲ್ಲಿಕಾಳ ಕೈ ಎಮ್ಮೆಯ ಕುತ್ತಿಗೆಯ ಮೇಲೆ ನಿಂತಿತು.

"ಹೂಂ ಅನ್ನು ಯವ್ವಾ!" ಎಂದು ಆದೆಮ್ಮ ಬಾಲದ ಬುಡದಿಂದ ಕೂಗಿದಳು. "ಎಮ್ಮಿಗೆ ಮೊದಲ ಜೀವ ಹೋಗಾಕತ್ತದ!"

"ಹೂಂ" ಎಂದಳು ಮಲ್ಲಿಕಾ. ಅದರ ಹಿಂದೆ ಕಾದು ನಿಂತಿದ್ದ ನಗು ಅಳುವಿನ ಜೊತೆ ಕೂಡಿಕೊಂಡೇ ಹೊರಬಂತು. ಅದೇ ಗಳಿಗೆಗೆ ಗಡಿಗೆಪ್ಪನ ಬೆರಳಿಗೆ ಕರುವಿನ ಗೊರಸು ಸಿಕ್ಕಿತು. ಎಮ್ಮೆ ಒಮ್ಮೆ ತಿಣುಕಿತು, ಅವನು ಎಳೆದ, ಕಪ್ಪಗೆ ಮಿರಮಿರ ಮಿಂಚುವ ಕರು ಹುಲ್ಲಿನ ಮೇಲೆ ಜಾರಿ ಬಂದು ಸೀನಿತು.

ಆದೆಮ್ಮ ಬಕೆಟ್ ನೀರು ತಂದಿಟ್ಟಳು. "ಹೆಣ್ಣುಗರ! ಲೇ ಗಡಿಗ್ಯಾ, ಕೈ ತೊಳಕೊ ಮೊದಲು. ಮುಟ್ಟಬ್ಯಾಡ ಆಕಿನ್ನ, ಸೀರಿ ಹೊಲಸಾಗ್ತದ."

ಗಡಿಗೆಪ್ಪ ಬಕೆಟ್ಟಿಗೆ ಬಗ್ಗಿದ. ತೊಳೆಯುವ ತನಕ ಮಲ್ಲಿಕಾ ಕಾಯಲಿಲ್ಲ.